ಮೂವತ್ತು ಬಾತ್‌ನ ಹಿಂದಿರೋ ಆಸ್ಪತ್ರೆ

ನಮ್ಮ ಹಾಸ್ಟೆಲ್‌ನಲ್ಲಿ ಥಾಯ್ಲೆಂಡ್ ಅಂದ ತಕ್ಷಣ ಬರೋ ಮಾತು ಒಂದೇ: "ಫೈನಲ್ ಇಯರ್ ಮುಗೀಲಿ ಮಗಾ, ಪಟ್ಟಾಯಕ್ಕೆ ಹೋಗೋಣ." ಫ್ಲೈಟ್ ಎಷ್ಟು, ರೂಮ್ ಎಷ್ಟು, ಒಂದು ಬಾತ್‌ಗೆ ಎಷ್ಟು ರೂಪಾಯಿ, ಇಷ್ಟಕ್ಕೆ ನಮ್ಮ ಜ್ಞಾನ ಮುಗೀತು. (ಬಾತ್ ಅಂದ್ರೆ ಅಲ್ಲಿನ ದುಡ್ಡು. ಕ್ಯಾಂಟೀನ್ ಖಾರಾಬಾತ್ ನೆನಪಾದವರು ಕ್ಷಮಿಸಬೇಕು.) ಆ ದೇಶದಲ್ಲಿ ಟೂರಿಸ್ಟ್‌ಗಳ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. ಅಲ್ಲಿನ ಒಬ್ಬ ರೈತ, ಒಬ್ಬ ಟ್ಯಾಕ್ಸಿ ಡ್ರೈವರ್, ರಸ್ತೆ ಬದಿ ನೂಡಲ್ಸ್ ಮಾರೋ ಒಬ್ಬ ಹೆಂಗಸು ಸರ್ಕಾರಿ ಆಸ್ಪತ್ರೆಗೆ ಹೋದರೆ 30 ಬಾತ್ ಕೊಟ್ಟು ಚಿಕಿತ್ಸೆ ಪಡೀಬಹುದು. ಬಡವರಾಗಿದ್ರೆ ಅದೂ ಬೇಡ. ಕ್ಯಾನ್ಸರ್ ಇರಲಿ, ಹಾರ್ಟ್ ಆಪರೇಷನ್ ಇರಲಿ, ಎಚ್‌ಐವಿ ಮಾತ್ರೆ ಇರಲಿ, ಬಿಲ್ ಬರಲ್ಲ. ಈಗಿನ ರೇಟ್‌ನಲ್ಲಿ 30 ಬಾತ್ ಅಂದ್ರೆ ನಮ್ಮ 80 ರೂಪಾಯಿ ಆಸುಪಾಸು.

ಇದನ್ನ ನಮ್ಮ ಕ್ಲಾಸ್‌ನಲ್ಲಿ ಹೇಳಿದ್ರೆ ಎರಡು ಉತ್ತರ ಬರುತ್ತೆ. ಒಂದು, "ಅವರದು ಶ್ರೀಮಂತ ದೇಶ." ಇನ್ನೊಂದು, "ಎಲೆಕ್ಷನ್ ಫ್ರೀಬಿ ಅಷ್ಟೇ." ನನ್ನ ಪ್ರಕಾರ ಎರಡೂ ಪೂರ್ತಿ ಸರಿಯಿಲ್ಲ. ಎರಡನೆಯದರಲ್ಲಿ ಮಾತ್ರ ಸ್ವಲ್ಪ ಸತ್ಯ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಶ್ರೀಮಂತಿಕೆ ವಿಷಯ. 1997ರ ಜುಲೈನಲ್ಲಿ ಬಾತ್ ಕುಸಿದು ಇಡೀ ಏಷ್ಯಾದ ಆರ್ಥಿಕ ಬಿಕ್ಕಟ್ಟು ಶುರುವಾಗಿದ್ದೇ ಥಾಯ್ಲೆಂಡ್‌ನಿಂದ. ಬ್ಯಾಂಕ್‌ಗಳು ಮುಳುಗಿದವು, ಐಎಂಎಫ್ ಸಾಲ ತಗೊಂಡರು, ಬ್ಯಾಂಕಾಕ್ ತುಂಬ ಅರ್ಧಕ್ಕೆ ನಿಂತ ಬಿಲ್ಡಿಂಗ್‌ಗಳು. ಅದಾಗಿ ನಾಲ್ಕೇ ವರ್ಷಕ್ಕೆ, 2001ರಲ್ಲಿ, ಈ ಸ್ಕೀಮ್ ಶುರು ಮಾಡಿದರು. ಆಗ ಅವರ ತಲಾ ಆದಾಯ ವರ್ಷಕ್ಕೆ ಸುಮಾರು 1900 ಡಾಲರ್. ಇವತ್ತು ಭಾರತದ್ದು ಅದಕ್ಕಿಂತ ಜಾಸ್ತಿ ಇದೆ. ಹಣದುಬ್ಬರ ಲೆಕ್ಕ ಹಾಕಿದ್ರೆ ನಾವು ಇನ್ನೂ ಸ್ವಲ್ಪ ಹಿಂದೆ ಇರಬಹುದು, ಒಪ್ಪಿದೆ. ಆದ್ರೆ "ಶ್ರೀಮಂತರು ಮಾಡಿದರು" ಅನ್ನೋ ಕಥೆ ನಿಲ್ಲಲ್ಲ. ಇದು ಈ ದೇಶಕ್ಕೆ ತಡೆಯೋ ಖರ್ಚಲ್ಲ ಅಂತ ಹೇಳಿದ ತಜ್ಞರು ಆಗ ಬೇಕಾದಷ್ಟು ಜನ ಇದ್ದರು.

2001ಕ್ಕೆ ಮುಂಚೆ ಅಲ್ಲಿ ಏನಿತ್ತು ಅಂತ ನೋಡಿದ್ರೆ ಬಹಳ ಪರಿಚಿತ ಅನ್ಸುತ್ತೆ. ಸರ್ಕಾರಿ ನೌಕರರಿಗೆ ಅವರದೇ ಸ್ಕೀಮ್. ಹೆಂಡತಿ ಮಕ್ಕಳು ಅಪ್ಪ ಅಮ್ಮ ಎಲ್ಲರಿಗೂ ಸೇರಿ. ಕಂಪನಿ ಕೆಲಸಗಾರರಿಗೆ 1990ರ ಕಾಯ್ದೆಯಿಂದ ಬಂದ ಸೋಷಿಯಲ್ ಸೆಕ್ಯುರಿಟಿ: ಈಗಿನ ಲೆಕ್ಕದಲ್ಲಿ ನೌಕರ ಸಂಬಳದ ಶೇ. 5, ಮಾಲೀಕ ಶೇ. 5, ಮೇಲೆ ಸರ್ಕಾರದಿಂದ ಶೇ. 2.75. ಬಡವರಿಗೆ ಒಂದು ಉಚಿತ ಕಾರ್ಡ್. ಬಡವರೂ ಅಲ್ಲ, ನೌಕರರೂ ಅಲ್ಲ ಅನ್ನೋರಿಗೆ ವರ್ಷಕ್ಕೆ 500 ಬಾತ್ ಕೊಟ್ಟು ಕೊಂಡುಕೊಳ್ಳೋ ಫ್ಯಾಮಿಲಿ ಕಾರ್ಡ್. ಇಷ್ಟೆಲ್ಲಾ ಇದ್ದೂ ಜನಸಂಖ್ಯೆಯ ಶೇ. 30ರಷ್ಟು ಜನ ಯಾವುದರಲ್ಲೂ ಇರಲಿಲ್ಲ. ಇನ್ನು ಬಡವರ ಕಾರ್ಡ್ ಯಾರಿಗೆ ಸಿಗ್ತಿತ್ತು ಗೊತ್ತಾ? ಎಷ್ಟೋ ಕಡೆ ಊರಿನ ಮುಖ್ಯಸ್ಥನಿಗೆ ಬೇಕಾದವರಿಗೆ. ನಿಜವಾದ ಬಡವ ಆಸ್ಪತ್ರೆ ಕೌಂಟರ್‌ನಲ್ಲಿ ಕೈ ಮುಗಿದು ನಿಂತು "ನಾನು ಬಡವ" ಅಂತ ನಂಬಿಸಬೇಕಿತ್ತು.

ಹೊಸ ಸ್ಕೀಮ್‌ನಲ್ಲಿ ನನಗೆ ಅತ್ಯಂತ ಚೆನ್ನಾಗಿ ಕಂಡಿದ್ದು ಒಂದು ಸಣ್ಣ ಡಿಸೈನ್ ನಿರ್ಧಾರ. ಸರ್ಕಾರಿ ನೌಕರರ ಲಿಸ್ಟ್ ತಗೊಂಡರು, ಸೋಷಿಯಲ್ ಸೆಕ್ಯುರಿಟಿ ಲಿಸ್ಟ್ ತಗೊಂಡರು. ಈ ಎರಡರಲ್ಲೂ ಹೆಸರಿಲ್ಲದ ಥಾಯ್ ಪ್ರಜೆ ಯಾರೇ ಇರಲಿ, ಅವರೆಲ್ಲ ಮೂರನೆಯದರಲ್ಲಿ. ಅರ್ಜಿ ಹಾಕಿ ಬಡತನ ಸಾಬೀತು ಮಾಡೋ ಹಂತವೇ ಇಲ್ಲ. ನಾವು ಕೋಡ್ ಬರೀವಾಗ ಕೊನೆಗೆ ಒಂದು "ಎಲ್ಸ್" ಹಾಕ್ತೀವಲ್ಲ, ಹಾಗೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆದಿರೋ ಯಾರಿಗೂ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ಆ "ಎಲ್ಸ್" ಒಳಗೆ ಸುಮಾರು 4.7 ಕೋಟಿ ಜನ ಇದ್ದಾರೆ. ಮೂರೂ ಸ್ಕೀಮ್ ಸೇರಿದ್ರೆ ಪ್ರಜೆಗಳಲ್ಲಿ ಶೇ. 99ಕ್ಕೂ ಹೆಚ್ಚು.

ಈಗ ಫ್ರೀಬಿ ವಿಷಯಕ್ಕೆ ಬರೋಣ. "30 ಬಾತ್‌ಗೆ ಎಲ್ಲ ರೋಗಕ್ಕೂ ಚಿಕಿತ್ಸೆ" ಅನ್ನೋದು ಥಕ್ಸಿನ್ ಶಿನವತ್ರ ಅವರ ಪಕ್ಷ 2001ರ ಚುನಾವಣೆಗೆ ಇಟ್ಟ ಘೋಷಣೆ. ಟೆಲಿಕಾಂ ಬಿಸಿನೆಸ್‌ನಲ್ಲಿ ದುಡ್ಡು ಮಾಡಿದ ಮನುಷ್ಯ, ಮಾರ್ಕೆಟಿಂಗ್ ಚೆನ್ನಾಗಿ ಗೊತ್ತಿತ್ತು. ಆದ್ರೆ ಐಡಿಯಾ ಅವರದಲ್ಲ. ಸಂಗುವಾನ್ ನಿತ್ಯಾರಂಫೊಂಗ್ ಅಂತ ಒಬ್ಬ ಡಾಕ್ಟರ್ ಇದ್ದರು. 1970ರ ದಶಕದಲ್ಲಿ, ಥಾಯ್ ವಿದ್ಯಾರ್ಥಿ ಚಳವಳಿ ಬೀದಿಗಿಳಿದಿದ್ದ ಕಾಲದಲ್ಲಿ, ಮೆಡಿಕಲ್ ಓದಿದವರು. ಓದು ಮುಗಿಸಿ ಹೋಗಿದ್ದು ಈಶಾನ್ಯದ ಸಿಸಾಕೆಟ್ ಪ್ರಾಂತ್ಯದ ರಾಸಿ ಸಲೈ ಅನ್ನೋ ಬಡ ಊರಿಗೆ. ಚಿಕಿತ್ಸೆಗೆ ಎಮ್ಮೆ, ಗದ್ದೆ ಮಾರಿಕೊಂಡು ಬರೋ ಜನರನ್ನ ನೋಡುತ್ತಾ ಕೆಲಸ ಮಾಡಿದವರ ತಲೆಮಾರು ಅದು. ಆಮೇಲೆ ಆರೋಗ್ಯ ಇಲಾಖೆಯಲ್ಲಿ ಇದ್ದುಕೊಂಡು ವರ್ಷಗಟ್ಟಲೆ ಲೆಕ್ಕ ಹಾಕಿ ಪ್ಲ್ಯಾನ್ ಮಾಡಿ, ಅದನ್ನ ಹಿಡ್ಕೊಂಡು ಬೇರೆ ಬೇರೆ ಪಕ್ಷಗಳ ಬಾಗಿಲಿಗೆ ಹೋದರು. ಕೈಗೆತ್ತಿಕೊಂಡಿದ್ದು ಥಕ್ಸಿನ್ ಪಕ್ಷ. ಅತ್ತ ಜನರ ಕಡೆಯಿಂದಲೂ ಒತ್ತಡ ಇತ್ತು: 1997ರ ಸಂವಿಧಾನದಲ್ಲಿ 50,000 ಸಹಿ ಸಂಗ್ರಹಿಸಿದ್ರೆ ಜನರೇ ಮಸೂದೆ ಕೊಡಬಹುದು ಅಂತ ಇತ್ತು, ಹಲವು ಸಂಘಟನೆಗಳು ಸೇರಿ ಅಷ್ಟು ಸಹಿ ಒಟ್ಟುಮಾಡಿ ಕೊಟ್ಟವು. 2002ರಲ್ಲಿ ಕಾಯ್ದೆ ಆಯ್ತು. ಸಂಗುವಾನ್ ಅದನ್ನ ನಡೆಸೋ ಸಂಸ್ಥೆಯ ಮೊದಲ ಮುಖ್ಯಸ್ಥರಾದರು. 2008ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದ್ರೆ ಇದು ಒಬ್ಬ ಒಳ್ಳೆ ಡಾಕ್ಟರ್ ಕಥೆ ಆಗುತ್ತೆ. ಆದ್ರೆ ನನ್ನ ವಾದ ಬೇರೆ. ಕಾರ್ಡ್ ಕೊಡೋದು ಸುಲಭ, ಕಾರ್ಡ್ ಹಿಡ್ಕೊಂಡು ಹೋದಾಗ ಅಲ್ಲಿ ಆಸ್ಪತ್ರೆ ಇರಬೇಕಲ್ಲ. ಆ ಕೆಲಸ ಅವರು ಇಪ್ಪತ್ತು ವರ್ಷ ಮುಂಚೆಯೇ ಮಾಡಿದ್ದರು. 1960ರ ದಶಕದಲ್ಲಿ ಥಾಯ್ ಡಾಕ್ಟರ್‌ಗಳು ಗುಂಪು ಗುಂಪಾಗಿ ಅಮೆರಿಕಕ್ಕೆ ಹೋಗ್ತಿದ್ದರು (ಎಲ್ಲೋ ಕೇಳಿದ ಹಾಗಿದೆ ಅಲ್ವಾ?). ಅದಕ್ಕೆ ಮೆಡಿಕಲ್ ಮುಗಿಸಿದವರಿಗೆ ಮೂರು ವರ್ಷ ಸರ್ಕಾರಿ ಸೇವೆ ಕಡ್ಡಾಯ ಮಾಡಿದರು. ಇನ್ನೂ ದೊಡ್ಡ ನಿರ್ಧಾರ 1982ರಿಂದ 1986ರವರೆಗಿನದು: ನಗರದ ಆಸ್ಪತ್ರೆಗಳಲ್ಲಿ ಹೊಸ ಕಟ್ಟಡದ ಬಜೆಟ್ ನಿಲ್ಲಿಸಿ ಆ ದುಡ್ಡನ್ನ ಹಳ್ಳಿ ಕಡೆ ಆಸ್ಪತ್ರೆಗಳಿಗೆ ತಿರುಗಿಸಿದರು. ಅಲ್ಲಿನ "ಅಂಫೋ" ಅಂದ್ರೆ ಹೆಚ್ಚು ಕಡಿಮೆ ನಮ್ಮ ತಾಲೂಕು. ಬಹುತೇಕ ಎಲ್ಲ ಅಂಫೋಗೂ ಒಂದು ಆಸ್ಪತ್ರೆ, ಅದರ ಕೆಳಗಿನ "ತಂಬೊನ್"ಗೆ ಒಂದು ಆರೋಗ್ಯ ಕೇಂದ್ರ, ಅದರ ಕೆಳಗೆ ಊರೂರಲ್ಲಿ ಆರೋಗ್ಯ ಸ್ವಯಂಸೇವಕರು. ಈ ಸ್ವಯಂಸೇವಕರ ಸಂಖ್ಯೆ ಇವತ್ತು ಹತ್ತು ಲಕ್ಷಕ್ಕೂ ಹೆಚ್ಚು. ಅಕ್ಕಪಕ್ಕದ ಹತ್ತು ಹದಿನೈದು ಮನೆ ನೋಡಿಕೊಳ್ಳೋದು, ಬಿಪಿ ಶುಗರ್ ಚೆಕ್ ಮಾಡೋದು, ಕೋವಿಡ್ ಬಂದಾಗ ಮನೆಮನೆಗೆ ಹೋಗಿ ಪಟ್ಟಿ ಮಾಡೋದು, ಎಲ್ಲ ಅವರೇ.

ಬೆಂಗಳೂರು, ದೆಹಲಿಯಂಥ ರಾಜಧಾನಿಯಲ್ಲಿ ಐದು ವರ್ಷ ಹೊಸ ದೊಡ್ಡಾಸ್ಪತ್ರೆ ಕಟ್ಟಲ್ಲ ಅಂತ ಹೇಳೋ ಧೈರ್ಯ ಯಾವ ಸರ್ಕಾರಕ್ಕಿದೆ? ಟೇಪ್ ಕತ್ತರಿಸೋ ಫೋಟೋ ಬರಲ್ಲ, ಪೇಪರ್‌ನಲ್ಲಿ ಹೆಡ್‌ಲೈನ್ ಆಗಲ್ಲ. ಆದ್ರೆ ಅದಿಲ್ಲದೆ 2001ರ ಘೋಷಣೆ ಪೋಸ್ಟರ್ ಆಗೇ ಉಳೀತಿತ್ತು.

ದುಡ್ಡು ಹರಿಯೋ ರೀತಿ ನಮ್ಮಂಥವರಿಗೆ ಇಂಟರೆಸ್ಟಿಂಗ್. ಮಾಮೂಲಿ ವಿಮೆಯಲ್ಲಿ ಆಸ್ಪತ್ರೆ ಎಷ್ಟು ಟೆಸ್ಟ್ ಮಾಡುತ್ತೋ ಅಷ್ಟು ಬಿಲ್. ಜಾಸ್ತಿ ಕಾಯಿಲೆ, ಜಾಸ್ತಿ ಆದಾಯ. ಥಾಯ್ ಸ್ಕೀಮ್‌ನಲ್ಲಿ ಹೊರರೋಗಿಗಳ ವಿಷಯಕ್ಕೆ ಇದು ಉಲ್ಟಾ. ಒಂದು ಆಸ್ಪತ್ರೆಯ ವ್ಯಾಪ್ತಿಯಲ್ಲಿ ಎಷ್ಟು ಜನ ನೋಂದಾಯಿಸಿದ್ದಾರೋ ಅಷ್ಟು ತಲೆ ಲೆಕ್ಕ ಹಾಕಿ ವರ್ಷಕ್ಕೆ ಇಷ್ಟು ಅಂತ ದುಡ್ಡು ಕೊಡ್ತಾರೆ. ಜನ ಆರೋಗ್ಯವಾಗಿದ್ರೆ ಆಸ್ಪತ್ರೆಗೆ ಲಾಭ. ಒಳರೋಗಿಗಳಿಗೆ ಒಂದೊಂದು ಗುಂಪಿನ ಕಾಯಿಲೆಗೆ ಇಷ್ಟು ಅಂತ ಫಿಕ್ಸ್, ಅದೂ ಒಟ್ಟು ಬಜೆಟ್‌ನ ಮಿತಿಯೊಳಗೆ. 2002ರಲ್ಲಿ ಸ್ಕೀಮ್‌ನ ಒಟ್ಟು ಬಜೆಟ್ ತಲೆಗೆ 1,202 ಬಾತ್ ಇತ್ತು, ಈಗ 3,000 ದಾಟಿದೆ. ಇದರಲ್ಲೂ ಒಂದು ಅಪಾಯ ಇದೆ: ಖರ್ಚು ಉಳಿಸೋಕೆ ಆಸ್ಪತ್ರೆ ಬೇಕಾದ ಟೆಸ್ಟನ್ನೂ ಮಾಡದೇ ಇರಬಹುದು. "30 ಬಾತ್‌ಗೆ ಎಲ್ಲ ರೋಗದಲ್ಲೂ ಸಾವು" ಅಂತ ಅಲ್ಲಿನ ಜನ ಘೋಷಣೆಯನ್ನೇ ತಿರುಚಿ ಹಾಸ್ಯ ಮಾಡ್ತಿದ್ದಿದ್ದು ಸುಮ್ಮನೆ ಅಲ್ಲ. ಆದ್ರೆ ಫಲಿತಾಂಶ ನೋಡಿ. ಎಂಐಟಿಯ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಕೀಮ್‌ಗೆ ಮುಂಚೆ ಬಡ ಪ್ರಾಂತ್ಯಗಳಲ್ಲಿ ಶಿಶು ಮರಣ ಶ್ರೀಮಂತ ಪ್ರಾಂತ್ಯಗಳಿಗಿಂತ ಎದ್ದು ಕಾಣೋ ಹಾಗೆ ಜಾಸ್ತಿ ಇತ್ತು, ಸ್ಕೀಮ್ ಬಂದ ಮೇಲೆ ಆ ಸಂಬಂಧವೇ ಮಾಯ ಆಯ್ತು. ಜನ ಜೇಬಿನಿಂದ ಹಾಕೋ ದುಡ್ಡು ಒಟ್ಟು ಆರೋಗ್ಯ ಖರ್ಚಿನ ಮೂರನೇ ಒಂದರಷ್ಟು ಇದ್ದದ್ದು ಶೇ. 10ರ ಆಸುಪಾಸಿಗೆ ಇಳೀತು. ನಮ್ಮ ದೇಶದಲ್ಲಿ ಅದು 2021-22ರ ಸರ್ಕಾರಿ ಲೆಕ್ಕದಲ್ಲಿ ಶೇ. 39.4.

ನಾನು ಈ ವಿಷಯದ ಹಿಂದೆ ಬಿದ್ದಿದ್ದಕ್ಕೆ ಒಂದು ಕಾರಣ ಇದೆ. ನಮ್ಮ ದೊಡ್ಡಪ್ಪಂಗೆ ಮೂರು ವರ್ಷದಿಂದ ಡಯಾಲಿಸಿಸ್. ವಾರಕ್ಕೆ ಎರಡು ಸಲ ಊರಿಂದ ಮೊದಲ ಬಸ್ಸಿಗೆ ಹೊರಟ್ರೆ ಮನೆ ಸೇರೋದು ಸಂಜೆ. ದೊಡ್ಡಮ್ಮ ಜೊತೆಗೆ ಹೋಗಲೇಬೇಕು. ಅವತ್ತು ಇಬ್ಬರ ಕೆಲಸನೂ ಇಲ್ಲ. ಡಯಾಲಿಸಿಸ್‌ಗೆ ಅಂತ ದುಡ್ಡು ತಗೊಳಲ್ಲ, ಆದ್ರೆ ಬಸ್ಸು, ಊಟ, ಹೊರಗಿಂದ ತರೋ ಇಂಜೆಕ್ಷನ್, ಹೋದ ಕೂಲಿ ಎಲ್ಲ ಸೇರಿಸಿದ್ರೆ "ಉಚಿತ" ಅನ್ನೋ ಪದಕ್ಕೆ ಅರ್ಥ ಕಮ್ಮಿ ಆಗುತ್ತೆ.

ಥಾಯ್ಲೆಂಡ್‌ನಲ್ಲಿ ಶುರುವಿನಲ್ಲಿ ಡಯಾಲಿಸಿಸ್ ಸ್ಕೀಮ್‌ನಲ್ಲೇ ಇರಲಿಲ್ಲ. ಬಹಳ ದುಬಾರಿ ಅಂತ ಬಿಟ್ಟಿದ್ದರು. ಅಲ್ಲಿ ಹೊಸ ಔಷಧ, ಹೊಸ ಚಿಕಿತ್ಸೆ ಸೇರಿಸೋಕೆ ಮುಂಚೆ ಒಂದು ಲೆಕ್ಕ ಮಾಡ್ತಾರೆ: ರೋಗಿಗೆ ಒಂದು ಪೂರ್ತಿ ಆರೋಗ್ಯದ ವರ್ಷ ಸಿಗೋಕೆ ಎಷ್ಟು ಖರ್ಚು? ಈಗಿನ ಮಿತಿ 160,000 ಬಾತ್. ಈ ಥರದ ಪರೀಕ್ಷೆಯಲ್ಲಿ ಡಯಾಲಿಸಿಸ್ ಪಾಸ್ ಆಗಲ್ಲ. ಆದ್ರೆ ಕಿಡ್ನಿ ರೋಗಿಗಳು ಸಂಘ ಕಟ್ಟಿಕೊಂಡು ಹೋರಾಡಿದರು, ಮನೆಮಠ ಮಾರಿಕೊಳ್ತಿದ್ದ ಕುಟುಂಬಗಳ ಕಥೆ ಎಲ್ಲರ ಕಣ್ಣ ಮುಂದೆ ಇತ್ತು. 2008ರ ಜನವರಿಯಿಂದ ಸೇರಿಸಿದರು. ಸೇರಿಸಿದ ರೀತಿ ನೋಡಿ: ಮಷೀನ್ ಡಯಾಲಿಸಿಸ್‌ಗೆ ಸೆಂಟರ್, ನರ್ಸ್, ಓಡಾಟ ಎಲ್ಲ ಬೇಕು, ಹಳ್ಳಿಯಲ್ಲಿ ಅದೆಲ್ಲಿ? ಅದಕ್ಕೆ ಹೊಟ್ಟೆಗೆ ಸಣ್ಣ ಟ್ಯೂಬ್ ಹಾಕಿ, ದಿನಕ್ಕೆ ನಾಲ್ಕು ಸಲ ದ್ರವ ತುಂಬಿ ತೆಗೆಯೋ ವಿಧಾನಕ್ಕೆ ಮೊದಲ ಆದ್ಯತೆ ಕೊಟ್ಟರು. ಮನೆಯಲ್ಲೇ ಮಾಡಿಕೊಳ್ಳಬಹುದು. ಆ ದ್ರವದ ಭಾರವಾದ ಬ್ಯಾಗ್‌ಗಳನ್ನ ಮನೆ ಬಾಗಿಲಿಗೆ ತಂದುಕೊಟ್ಟಿದ್ದು ಯಾರು ಗೊತ್ತಾ? ಪೋಸ್ಟ್ ಆಫೀಸ್. ಥಾಯ್ ಅಂಚೆ ಇಲಾಖೆಯ ಗಾಡಿಗಳು. ಮೊದಲೇ ಇರೋ ನೆಟ್‌ವರ್ಕ್ ಮೇಲೆ ಹೊಸ ಲೋಡ್ ಹಾಕಿದರು, ಅಷ್ಟೇ. ನನಗೆ ಇದು ಯಾವ ಆ್ಯಪ್‌ಗಿಂತಲೂ ಒಳ್ಳೆ ಎಂಜಿನಿಯರಿಂಗ್.

ಕಥೆ ಅಲ್ಲಿಗೇ ಮುಗಿದಿದ್ರೆ ಚೆನ್ನಾಗಿರ್ತಿತ್ತು. 2022ರ ಫೆಬ್ರವರಿಯಲ್ಲಿ ಸರ್ಕಾರ ರೋಗಿಗಳಿಗೆ ಆಯ್ಕೆ ಕೊಟ್ಟಿತು: ಮನೆಯದ್ದೋ ಮಷೀನೋ, ನಿಮ್ಮಿಷ್ಟ. ಜನ ಮಷೀನ್ ಕಡೆ ಮುಗಿಬಿದ್ದರು. ಸೆಂಟರ್‌ಗಳು ತುಂಬಿದವು, ಖರ್ಚು ಏರಿತು, ಮನೆ ವಿಧಾನ ಹೇಳಿಕೊಡೋ ವ್ಯವಸ್ಥೆ ಸೊರಗಿತು. 2025ರ ಏಪ್ರಿಲ್‌ನಲ್ಲಿ ಹೊಸ ರೋಗಿಗಳಿಗೆ ಮತ್ತೆ ಮನೆ ವಿಧಾನಕ್ಕೇ ಆದ್ಯತೆ ಅಂತ ವಾಪಸ್ ಬಂದರು. ಸಿಸ್ಟಮ್ ದೃಷ್ಟಿಯಿಂದ ಇದು ಸರಿ ಅಂತಲೇ ನನಗೂ ಅನ್ಸುತ್ತೆ. ಆದ್ರೆ ದೊಡ್ಡಪ್ಪನ ಹತ್ರ ಕೇಳಿದ್ದಕ್ಕೆ, "ಮನೇಲಿ ಧೂಳು, ಕೊಟ್ಟಿಗೆ ಪಕ್ಕದಲ್ಲೇ ಐತೆ, ಇನ್‌ಫೆಕ್ಷನ್ ಆದ್ರೆ ಯಾರು ನೋಡ್ತಾರೋ? ಬಸ್ಸೇ ವಾಸಿ" ಅಂದ್ರು. ಎಕ್ಸೆಲ್ ಶೀಟ್‌ನಲ್ಲಿ ಕೊಟ್ಟಿಗೆಗೆ ಕಾಲಂ ಇರಲ್ಲ.

ನಮಗೆ ನೇರ ಸಂಬಂಧ ಇರೋ ಒಂದು ಅಧ್ಯಾಯವೂ ಇದರಲ್ಲಿದೆ. ಎಚ್‌ಐವಿ ಔಷಧ ಎಲ್ಲರಿಗೂ ಕೊಡ್ತೀವಿ ಅಂತ ಹೊರಟಾಗ ಪೇಟೆಂಟ್ ಇರೋ ಮಾತ್ರೆಗಳ ಬೆಲೆ ಕಟ್ಟೋಕೆ ಆಗ್ತಿರಲಿಲ್ಲ. 2006ರ ನವೆಂಬರ್‌ನಲ್ಲಿ, ಆರೋಗ್ಯ ಸಚಿವ ಮೊಂಗ್‌ಕೊಲ್ ನ ಸೊಂಗ್‌ಖ್ಲಾ ಅವರ ಕಾಲದಲ್ಲಿ, ಎಫಾವಿರೆಂಜ್ ಅನ್ನೋ ಮಾತ್ರೆಗೆ ಕಡ್ಡಾಯ ಲೈಸೆನ್ಸ್ ಹೊರಡಿಸಿದರು. ಅಂದ್ರೆ ಪೇಟೆಂಟ್ ಬೇರೆಯವರದೇ ಇದ್ರೂ, ಜನರ ಆರೋಗ್ಯಕ್ಕಾಗಿ ಸರ್ಕಾರ ಅಗ್ಗದ ಮಾತ್ರೆ ಮಾಡಿಸಬಹುದು, ತರಿಸಬಹುದು. ಅಂತರರಾಷ್ಟ್ರೀಯ ನಿಯಮದಲ್ಲೇ ಇದಕ್ಕೆ ಅವಕಾಶ ಇದೆ. ಆ ಅಗ್ಗದ ಮಾತ್ರೆ ಬಂದಿದ್ದು ಭಾರತದ ರ್‍ಯಾನ್‌ಬ್ಯಾಕ್ಸಿಯಿಂದ, ಹೆಚ್ಚುಕಡಿಮೆ ಅರ್ಧ ಬೆಲೆಗೆ. ಮುಂದೆ ಹೃದಯದ ಔಷಧ, ಕ್ಯಾನ್ಸರ್ ಔಷಧಗಳಿಗೂ ಇದೇ ದಾರಿ ಹಿಡಿದರು. ಸಿಟ್ಟಾದ ಅಬಾಟ್ ಕಂಪನಿ ತನ್ನ ಹೊಸ ಔಷಧಗಳ ಅರ್ಜಿಗಳನ್ನೇ ಥಾಯ್ಲೆಂಡ್‌ನಿಂದ ವಾಪಸ್ ತಗೊಂಡಿತು. ಅಮೆರಿಕ 2007ರಲ್ಲಿ ಆ ದೇಶವನ್ನ ತನ್ನ ಪೇಟೆಂಟ್ ಕಣ್ಗಾವಲು ಪಟ್ಟಿಯಲ್ಲಿ ಮೇಲಕ್ಕೆ ಏರಿಸಿತು. ಥಾಯ್ಲೆಂಡ್ ಹಿಂದೆ ಸರೀಲಿಲ್ಲ. 2016ರಲ್ಲಿ, ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡೋದನ್ನ ನಿರ್ಮೂಲನೆ ಮಾಡಿದ ಏಷ್ಯಾದ ಮೊದಲ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆ ಅವರನ್ನ ಗುರುತಿಸಿತು.

ಇನ್ನೊಂದು ಮಜಾ. ಥಕ್ಸಿನ್‌ರನ್ನ 2006ರಲ್ಲಿ ಸೇನೆ ಇಳಿಸಿತಲ್ಲ, ಆಮೇಲೆ ಬಂದ ಸರ್ಕಾರ ಸ್ಕೀಮ್ ನಿಲ್ಲಿಸೋ ಬದಲು ಆ 30 ಬಾತನ್ನೂ ತೆಗೆದುಹಾಕಿ ಪೂರ್ತಿ ಉಚಿತ ಮಾಡಿತು. 2012ರಲ್ಲಿ ಅವರ ತಂಗಿ ಯಿಂಗ್ಲಕ್ ಸರ್ಕಾರ 30 ಬಾತ್ ವಾಪಸ್ ತಂದಿತು, ಕೊಡೋಕೆ ಇಷ್ಟ ಇಲ್ಲದವರು ಕೊಡಬೇಕಿಲ್ಲ ಅಂತ ಹೇಳಿ. ಅಂದ್ರೆ ಅದು ಬ್ರ್ಯಾಂಡ್ ನೇಮ್. 2014ರಲ್ಲಿ ಇನ್ನೊಂದು ಸೇನಾ ಕ್ರಾಂತಿ ಆಯ್ತು, ಸ್ಕೀಮ್ ಹಾಗೇ ಇತ್ತು. ಸಂವಿಧಾನ ಬದಲಾಯಿಸೋಕೆ ಹೆದರದ ಜನರಲ್‌ಗಳು ಇದನ್ನ ಮುಟ್ಟೋಕೆ ಹೆದರಿದರು. ಹೋದ ಚುನಾವಣೆಯ ಫ್ರೀಬಿ ಇಷ್ಟು ದಿನ ಬಾಳಲ್ಲ.

ಹಾಗಂತ ಎಲ್ಲ ಸರಿ ಇದೆಯಾ? ಇಲ್ಲ. ಸರ್ಕಾರಿ ನೌಕರರ ಸ್ಕೀಮ್‌ನಲ್ಲಿ ತಲೆಗೆ ಆಗೋ ಖರ್ಚು ಸಾಮಾನ್ಯರ ಸ್ಕೀಮ್‌ಗಿಂತ ಹಲವು ಪಟ್ಟು. ಸರದಿ ಉದ್ದ. ಸರ್ಕಾರಿ ಆಸ್ಪತ್ರೆಗಳ ಜೂನಿಯರ್ ಡಾಕ್ಟರ್‌ಗಳು ಡ್ಯೂಟಿ ತಾಳಲಾರದೆ ಕೆಲಸ ಬಿಡ್ತಿದ್ದಾರೆ, ಅದೇ ಬ್ಯಾಂಕಾಕ್‌ನಲ್ಲಿ ವಿದೇಶಿ ರೋಗಿಗಳಿಗೆ ಅಂತಲೇ ಹೋಟೆಲ್ ಥರದ ಆಸ್ಪತ್ರೆಗಳಿವೆ. ಸೋಷಿಯಲ್ ಸೆಕ್ಯುರಿಟಿಯಲ್ಲಿರೋ ಕಂಪನಿ ನೌಕರರ ಕೋಪ ಇನ್ನೊಂದು: ತಿಂಗಳು ತಿಂಗಳು ಸಂಬಳದಲ್ಲಿ ಕಟ್ ಆಗುತ್ತೆ, ಆದ್ರೆ ಹಲ್ಲಿನ ಮಾಮೂಲಿ ಚಿಕಿತ್ಸೆಗೆ ಸಿಗೋದು ವರ್ಷಕ್ಕೆ 900 ಬಾತ್ ಮಿತಿ, ಏನೂ ಕಟ್ಟದವರಿಗೆ ಕೆಲವು ವಿಷಯದಲ್ಲಿ ಹೆಚ್ಚು ಸೌಲಭ್ಯ. ಜೊತೆಗೆ ಆ ಶೇ. 5 ಲೆಕ್ಕಕ್ಕೆ ಹಿಡಿಯೋ ಸಂಬಳದ ಮಿತಿ 1990ರ ದಶಕದಿಂದ ಸುಮಾರು ಮೂವತ್ತು ವರ್ಷ 15,000 ಬಾತ್‌ನಲ್ಲೇ ನಿಂತಿತ್ತು. ತಿಂಗಳಿಗೆ 15,000 ದುಡಿಯೋನೂ 750 ಬಾತ್, ಒಂದೂವರೆ ಲಕ್ಷ ದುಡಿಯೋನೂ 750 ಬಾತ್.

ನನಗೆ ಅತ್ಯಂತ ಬೇಜಾರಾಗಿದ್ದು ಮುದುಕರ ವಿಷಯ. ಥಾಯ್ಲೆಂಡ್‌ನಲ್ಲಿ ಐದರಲ್ಲಿ ಒಬ್ಬರಿಗೂ ಹೆಚ್ಚು ಜನ 60 ದಾಟಿದವರು. ಸರ್ಕಾರಿ ಪಿಂಚಣಿ ಇಲ್ಲದ ಹಿರಿಯರಿಗೆ ತಿಂಗಳಿಗೆ ಒಂದು ಭತ್ಯೆ ಇದೆ: 60 ದಾಟಿದ್ರೆ 600 ಬಾತ್, 70ಕ್ಕೆ 700, 80ಕ್ಕೆ 800, 90ಕ್ಕೆ 1000. ಈ ರೇಟ್ ಫಿಕ್ಸ್ ಆಗಿದ್ದು 2011ರಲ್ಲಿ. ಅವರದೇ ಬಡತನ ರೇಖೆ ತಿಂಗಳಿಗೆ 3,000 ಬಾತ್ ಆಸುಪಾಸು. ಕೆಲಸ ಮಾಡೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗದ್ದೆ, ಅಂಗಡಿ, ತಳ್ಳುಗಾಡಿಯಂಥ ಅಸಂಘಟಿತ ಕೆಲಸದಲ್ಲಿರೋರು. ಅವರಿಗೆ ಅಂತ ತಿಂಗಳಿಗೆ 70, 100 ಅಥವಾ 300 ಬಾತ್ ಕಟ್ಟೋ ಸ್ವಯಂಪ್ರೇರಿತ ಯೋಜನೆ ಇದೆ. 2021ರಲ್ಲಿ ಕೋವಿಡ್ ಪರಿಹಾರದ 5,000 ಬಾತ್ ಸಿಗುತ್ತೆ ಅಂದಾಗ ಲಕ್ಷಗಟ್ಟಲೆ ಜನ ಅದಕ್ಕೆ ಸೇರಿದರು. ಮೂವತ್ತು ವರ್ಷ ತಪ್ಪದೆ ಕಟ್ಟಿ ಕೊನೆಗೆ ಬದುಕೋಕೆ ಸಾಲೋಷ್ಟು ತಗೊಳ್ಳೋದು ಬೇರೆ ಮಾತು.

ಅದೇ "ಎಲ್ಸ್" ಇಲ್ಲಿ ಯಾಕೆ ಬರಲಿಲ್ಲ? ಕಾಯಿಲೆ ವಿಷಯದಲ್ಲಿ ಬಡತನ ಸಾಬೀತು ಮಾಡು ಅಂತ ಕೇಳದ ದೇಶ, 2023ರ ಆಗಸ್ಟ್‌ನಲ್ಲಿ ಹೊಸದಾಗಿ 60 ತುಂಬೋರಿಗೆ ಈ 600 ಬಾತ್ ಕೊಡೋಕೂ ಆದಾಯ ನೋಡೋಣ ಅನ್ನೋ ಕಡೆಗೆ ನಿಯಮ ತಿದ್ದಿತು. ದೊಡ್ಡ ಗಲಾಟೆ ಆಯ್ತು. ನನಗನ್ಸೋದು, ಆಸ್ಪತ್ರೆಯ ಖರ್ಚಿಗೆ ತೆರಿಗೆಯಿಂದಲೇ ಕೊಡ್ತೀವಿ ಅಂತ 2001ರಲ್ಲಿ ಒಪ್ಪಿಕೊಂಡ ಹಾಗೆ, ಮುಪ್ಪಿನ ಖರ್ಚಿಗೂ ತೆರಿಗೆ ಏರಿಸೋ ಮಾತು ಅಲ್ಲಿನ ಹೆಚ್ಚಿನ ಪಕ್ಷಗಳ ಬಾಯಿಗೆ ಬರ್ತಿಲ್ಲ. ಚುನಾವಣೆ ಬಂದಾಗ 3,000 ಬಾತ್ ಪಿಂಚಣಿ ಅಂತ ಪೋಸ್ಟರ್ ಹಾಕ್ತಾರೆ, ದುಡ್ಡು ಎಲ್ಲಿಂದ ಅನ್ನೋ ಪ್ರಶ್ನೆಗೆ ಪೋಸ್ಟರ್‌ನಲ್ಲಿ ಜಾಗ ಇರಲ್ಲ. ಅಲ್ಲಿವರೆಗೆ ಈಶಾನ್ಯದ ಹಳ್ಳಿಯ 65 ವರ್ಷದ ಒಬ್ಬ ಅಜ್ಜಿಗೆ ಹಾರ್ಟ್ ಆಪರೇಷನ್ ಉಚಿತ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಊಟಕ್ಕೆ ದಿನಕ್ಕೆ 20 ಬಾತ್.